ನಡುಕೋಣೆಯ ಮೆಣಸಿನಕಾಯಿ

ನಮ್ಮ ಮನೆಯಲ್ಲಿ ಇದ್ದ ಒಂದೇ ಒಂದು ಬೆಚ್ಚನೆಯ ಕೋಣೆಯಲ್ಲಿ ನಾವು ಯಾರೂ ಮಲಗುತ್ತಿರಲಿಲ್ಲ. ಅಲ್ಲಿ ಮೆಣಸಿನಕಾಯಿ ಮಲಗಿತ್ತು. ಹುಬ್ಬಳ್ಳಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಮಣ್ಣಿನ ಗೋಡೆಯ ಮನೆ. ಮುಂದೆ ಪಡಸಾಲೆ, ನಡುವೆ ಕಿಟಕಿಯಿಲ್ಲದ ಕೋಣೆ, ಅದರ ಮಗ್ಗುಲಿಗೆ ಒಬ್ಬರು ದಾಟುವಷ್ಟು ದಾರಿ, ಹಿಂದೆ ಅಡಿಗೆಮನೆ, ಹಿತ್ತಲಲ್ಲಿ ಎಮ್ಮೆ. ನಾನೂ ನನ್ನ ಅಕ್ಕ ಶಾಂತವ್ವನೂ ಹುಟ್ಟಿದ್ದು ಆ ನಡುಕೋಣೆಯಲ್ಲಿ. ಹೆರುವುದಕ್ಕೆ, ಜ್ವರ ಬಂದರೆ ಮಲಗುವುದಕ್ಕೆ, ಮಳೆಗಾಲದಲ್ಲಿ ಕಾಳು ಇಡುವುದಕ್ಕೆ ಎಲ್ಲಕ್ಕೂ ಅದೇ. ಒಂದು ವರ್ಷ ಅಪ್ಪ ಅದರ ತುಂಬ ಮೆಣಸಿನಕಾಯಿ ಚೀಲ ಪೇರಿಸಿಬಿಟ್ಟ, ತೊಲೆ ಮುಟ್ಟುವವರೆಗೆ. ಸ್ವಲ್ಪ ದಿನದ ಮಾತು ಎಂದು ನಾವು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬಂದೆವು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು, ನಾವು ಪಡಸಾಲೆಯಲ್ಲೇ ಇದ್ದೆವು. ಅಪ್ಪ ಅದನ್ನು ಯಾಕೆ ಮಾರಲಿಲ್ಲ, ಆಮೇಲೆ ಯಾಕೆ ಮಾರಿದ, ಎರಡೂ ನನಗೆ ಆಗ ತಿಳಿಯಲಿಲ್ಲ. ಈಗ ಅಪ್ಪ ಸತ್ತಾಗಿನ ವಯಸ್ಸನ್ನು ದಾಟಿ ಕೂತಿದ್ದೇನೆ, ಈಗಲೂ ಪೂರ್ತಿ ತಿಳಿದಿಲ್ಲ. ಕನ್ನಡ ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಕಂಡದ್ದನ್ನು ಬರೆಯುತ್ತೇನೆ, ಅರ್ಥ ಓದುವವರು ಮಾಡಿಕೊಳ್ಳಲಿ.

ಅಪ್ಪ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ರೈತರು ಚಕ್ಕಡಿಯಲ್ಲಿ ತಂದ ಮಾಲನ್ನು ವ್ಯಾಪಾರಿಗಳಿಗೆ ಕೊಡಿಸುವುದು ಆ ಅಂಗಡಿಯ ಕೆಲಸ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಕೈ ಹಿಡಿದು ಮೇಲೆ ಹೆಗಲ ಬಟ್ಟೆ, ಅದೇ ವಲ್ಲಿ, ಹಾಕಿಕೊಂಡು, ಒಳಗೇ ಬೆರಳು ಒತ್ತಿ ಮಾತು ಮುಗಿಸುತ್ತಿದ್ದರು. ಎಷ್ಟಕ್ಕೆ ಹೋಯಿತೆಂಬುದು ಆ ಇಬ್ಬರಿಗೇ ಗೊತ್ತು. ಅಪ್ಪನ ಬೆರಳು ಅದರಲ್ಲಿ ಬಹಳ ಚುರುಕು ಎಂದು ಪೇಟೆಯಲ್ಲಿ ಹೆಸರಿತ್ತು. ಬೇರೆಯವರ ಮಾಲನ್ನು ಮಾರಿ ಮಾರಿ ಅವನಿಗೆ ತನ್ನದೂ ಒಂದಿಷ್ಟು ಇರಲಿ ಅನ್ನಿಸಿರಬೇಕು. ಅವ್ವನ ತಮ್ಮ ಈರಪ್ಪ ಮಾವ ಗರಗದಲ್ಲಿ ಇದ್ದ. ಇಬ್ಬರೂ ಕೂಡಿ ಸುಗ್ಗಿಯಲ್ಲಿ ಮಣಕ್ಕೆ ಆರು ರೂಪಾಯಿಯಂತೆ ಬ್ಯಾಡಗಿ ಕಾಯಿ ಕೊಂಡು ಅರ್ಧರ್ಧ ಹಂಚಿಕೊಂಡರು. ಹತ್ತಕ್ಕೆ ಏರುತ್ತದೆ ಎಂದು ಅಪ್ಪ ಹೇಳಿದ್ದ. ಅದು ಐದಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು, ಮೂರಕ್ಕೆ ಬಂದು ಕೂತಿತು.

ಆ ಘಾಟಿನ ಮನೆಯನ್ನು ಹೇಗೆ ಹೇಳಲಿ. ಬಂದವರು ಚಪ್ಪಲಿ ಬಿಡುವ ಮೊದಲು ಸೀನುತ್ತಿದ್ದರು. ಜಂಗಮರು ಹೊಸ್ತಿಲಲ್ಲೇ ನಿಂತು ಭಿಕ್ಷೆ ಇಸಿದುಕೊಂಡು ಹೋಗುತ್ತಿದ್ದರು. ಮಜ್ಜಿಗೆಗೂ ಖಾರ, ಹಾಸಿಗೆಗೂ ಖಾರ. ಕಣ್ಣುಜ್ಜಿದರೆ ಮುಗಿಯಿತು, ಅರ್ಧ ದಿನ ಅಳುವುದೇ. ಹಾಲಿಗೆ ಬರುವ ಓಣಿಯ ಹೆಂಗಸೊಬ್ಬಳು ಅವ್ವನನ್ನು ಕೇಳಿದಳು:

"ಯವ್ವಾ, ನಿಮ್ಮ ಎಮ್ಮಿಗೆ ಏನು ಮೆಣಸಿನಕಾಯಿ ಮೇಯಾಕ ಬಿಟ್ಟೀರೇನು? ನನ್ನ ಗಂಡ ಚಾ ಕುಡದು ಕೆಮ್ಮಾಕತ್ತಾನ."

ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಮುದುಕ ರೈತ ಬೆಲೆ ಬಹಳ ಇಳಿದಿದೆ, ಚೀಲ ತಿರುಗಿ ಒಯ್ಯುತ್ತೇನೆ ಎಂದು ಹಟ ಹಿಡಿದಿದ್ದ. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದ:

"ಯಜಮಾನ್ರ, ಕೈಗೆ ಬಂದ ರೇಟಿಗೆ ಕೊಟ್ಟು ಊರಿಗೆ ಹೋಗ್ರಿ. ಹ್ವಾದ ವರ್ಷ ಎಷ್ಟಿತ್ತು ಅನ್ನೂದು ಪ್ಯಾಟಿಗೆ ನೆನಪಿರೂದಿಲ್ಲ."

"ಇನ್ನೊಂದ ಎಂಟ ದಿನಾ ತಡದ್ರ ಹ್ಯಾಂಗ?"

"ಎಂಟ ದಿನಾ ತಡದ್ರ ನೀವು ಎಂಟ ದಿನಾ ಮುದುಕ ಆಗತೀರಿ, ಕಾಯಿ ಎಂಟ ದಿನಾ ಒಣಗತೈತಿ. ಅಷ್ಟs."

ಮುದುಕ ನಕ್ಕು ಕೊಟ್ಟು ಹೋದ. ನನಗೆ ಅಪ್ಪನ ಮಾತು ಬಹಳ ಸರಿ ಅನ್ನಿಸಿತು. ರಾತ್ರಿ ಉಣ್ಣುವಾಗ ಅದನ್ನೇ ಅವನಿಗೆ ಒಪ್ಪಿಸಿದೆ.

"ಅಪ್ಪಾ, ಹ್ವಾದ ವರ್ಷದ ರೇಟು ಪ್ಯಾಟಿಗೆ ನೆನಪಿರೂದಿಲ್ಲ ಅಂದಿ. ಹಂಗಾರ ನಮ್ಮ ಕಾಯೀನೂ ಮಾರಿಬಿಡು."

ಅವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಅದು ಮಂದಿ ಮಾಲು," ಅಂದ. "ಇದು ನಂದು."

"ಮಂದಿ ಮಾಲಿಗೂ ನಿನ್ನ ಮಾಲಿಗೂ ಬ್ಯಾರೆ ಬ್ಯಾರೆ ಪ್ಯಾಟಿ ಐತೇನು?"

ಅವ್ವ ಒಲೆಯ ಮುಂದೆ ಬಾಯಿಗೆ ಸೆರಗು ಹಿಡಿದಳು. ಅಪ್ಪನಿಗೆ ಸಿಟ್ಟು ಬಂತು. "ನಗಬ್ಯಾಡ. ಮಾರಿದ್ರ ಲುಕ್ಸಾನ. ಮಾರೂ ತನಕಾ ಎಲ್ಲೈತಿ ಲುಕ್ಸಾನ? ತೋರಸು ನೋಡೂಣು."

"ಪಡಸಾಲ್ಯಾಗ ಬಿದ್ದೈತಲ್ರಿ, ಹಾಸಗಿ ಸುತಿಗೊಂಡು," ಅಂದಳು ಅವ್ವ. "ನಿಮ್ಮ ಮಗ್ಗಲಕs ಮಲಗತೈತಿ, ಕಂಡಿಲ್ಲೇನು?"

"ಈರಪ್ಪ ಹಿಡಕೊಂಡು ಕುಂತಿಲ್ಲೇನು? ನಾ ಮೊದಲ ಮಾರಿದ್ರ ಅಂವ ಜೀವಾ ಇರೂತನಕಾ ನಗತಾನ."

ಇಷ್ಟು ಓದಿ ಅಪ್ಪ ಮೂರ್ಖ, ಅವ್ವ ಜಾಣೆ ಎಂದುಕೊಳ್ಳಬೇಡಿ. ನಾನೂ ಕೆಲವು ದಿನ ಹಾಗೇ ಅಂದುಕೊಂಡಿದ್ದೆ. ಅವ್ವನ ಹತ್ತಿರ ಮಣ್ಣಿನ ಗಡಿಗೆಗಳಿದ್ದವು. ಹಾಲು ಮಾರಿದ ದುಡ್ಡು ಒಂದರಲ್ಲಿ, ಅಪ್ಪ ಕೊಟ್ಟ ಸಂತೆಯ ದುಡ್ಡು ಒಂದರಲ್ಲಿ. ಸಂತೆಯ ಗಡಿಗೆ ಬರಿದಾದರೆ ಮನೆಯಲ್ಲಿ ಎಣ್ಣೆ ಇರುತ್ತಿರಲಿಲ್ಲ, ಬೆಲ್ಲ ಇರುತ್ತಿರಲಿಲ್ಲ. ಹಾಲಿನ ಗಡಿಗೆ ಪಕ್ಕದಲ್ಲೇ ಭಾರವಾಗಿ ಕೂತಿರುತ್ತಿತ್ತು. ಅದನ್ನು ಮುಟ್ಟುವಂತಿಲ್ಲ. ಅದರಿಂದ ಬರುವುದು ಹತ್ತಿಕಾಳು ಮತ್ತು ಹಿಂಡಿ, ಎಮ್ಮೆಗೆ. ನಾವು ಒಣ ರೊಟ್ಟಿಗೆ ಉಪ್ಪು ಹಚ್ಚಿ ತಿನ್ನುವಾಗ ಎಮ್ಮೆ ಹಿತ್ತಲಲ್ಲಿ ಎಣ್ಣೆಗಾಳು ಮೆಲುಕು ಹಾಕುವ ಸಪ್ಪಳ ಕೇಳುತ್ತಿತ್ತು. ಅಪ್ಪ ಚುಚ್ಚುತ್ತಿದ್ದ:

"ಮುಂದಿನ ಜನ್ಮಕ್ಕ ಈ ಮನ್ಯಾಗ ಎಮ್ಮಿಯಾಗಿ ಹುಟ್ಟಬೇಕು ನೋಡು."

"ಎಮ್ಮಿ ರೊಕ್ಕ ಎಮ್ಮೀದು," ಅನ್ನುತ್ತಿದ್ದಳು ಅವ್ವ. ಅವಳ ಪ್ರಕಾರ ಅಲ್ಲಿಗೆ ಮಾತು ಮುಗಿಯಿತು. ಪಕ್ಕದ ಮನೆಗೆ ಎಣ್ಣೆ ಕಡ ಕೇಳುವುದಕ್ಕೆ ನನ್ನನ್ನು ಕಳಿಸುತ್ತಿದ್ದಳು, ಗಡಿಗೆಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಶಾಂತಕ್ಕನನ್ನು ಕೊಟ್ಟ ಅಣ್ಣಿಗೇರಿಗೆ ಹೋಗಿ, ಅವಳಿಗೆ ಸೀಮಂತದ ಕುಬಸ ಮಾಡಿ, ಹೆರಿಗೆಗೆಂದು ಮನೆಗೆ ಕರೆತಂದೆವು. ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು, ಇದರಲ್ಲಿ ಮಾತಿಲ್ಲ. ಅಕ್ಕನ ಅತ್ತೆ ಬಸಲಿಂಗವ್ವ ಬೀಗತಿಯೂ ಮನೆ ನೋಡಿಹೋಗುತ್ತೇನೆಂದು ಜೊತೆಗೆ ಬಂದಳು. ಗಟ್ಟಿ ಹೆಂಗಸು. ಒಳಗೆ ಕಾಲಿಟ್ಟವಳು ಸೀನಲು ಶುರುಮಾಡಿ, ನಡುಕೋಣೆಯ ಬಾಗಿಲನ್ನು ಮೊಣಕೈಯಿಂದ ನೂಕಿ ಇಣುಕಿದಳು.

"ಇದೇನ್ರಿ ಬೀಗತಿ, ಬಾಣಂತಿ ಖೋಲ್ಯೋ, ಖಾರಾ ಕುಟ್ಟೂ ಗಿರಣ್ಯೋ?"

"ಖಾಲಿ ಮಾಡಸ್ತೇವ್ರಿ," ಅಂದಳು ಅವ್ವ ನೆಲ ನೋಡುತ್ತ.

"ಯಾವಾಗ? ಮಮ್ಮಗನ ಮದಿವ್ಯಾಗೇನು?"

ಅಪ್ಪ ನಡುವೆ ಬಾಯಿಹಾಕಿದ. "ಬೀಗತೇರ, ರೇಟು ಒಂದೀಟು ಏರಲಿ ಅಂತ ತಡದೇವ್ರಿ..."

"ರೇಟು ಏರೂತನಕಾ ಕೂಸು ಹೊಟ್ಯಾಗ ತಡೀತೈತೇನ್ರಿ? ಅದೇನು ನಿಮ್ಮ ಅಂಗಡಿ ಗಿರಾಕಿ ಏನು?" ಬಸಲಿಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಮಾಸಿಗೆ ಬರತೇನಿ. ಖೋಲಿ ಹಿಂಗs ಇತ್ತಂದ್ರ ನನ್ನ ಸೊಸೀನ್ನ ನಾ ಕರಕೊಂಡ ಹೋಗತೇನಿ. ಊರ ಮಂದಿ ನಕ್ಕರ ನಿಮ್ಮ ಮ್ಯಾಲ ನಗಲಿ."

ಅವಳು ಹೋದಮೇಲೆ ಅಕ್ಕನ ಕೆಮ್ಮು ಶುರುವಾಯಿತು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಕೆಮ್ಮು ಬಂದಾಗಲೆಲ್ಲ ಎರಡೂ ಕೈಯಿಂದ ಹೊಟ್ಟೆ ಅವುಚಿ ಹಿಡಿದುಕೊಳ್ಳುತ್ತಿದ್ದಳು, ಬಿದ್ದುಹೋಗುತ್ತದೆ ಅನ್ನುವ ಹಾಗೆ. ಸೂಲಗಿತ್ತಿ ಬಂದು ನೋಡಿ, ಹೀಗೇ ಕೆಮ್ಮಿದರೆ ದಿನ ತುಂಬುವ ಮೊದಲೇ ಹೆರುತ್ತಾಳೆ, ತುಂಬು ಗರ್ಭಿಣಿಯನ್ನು ರೈಲಿನಲ್ಲಿ ಕುಲುಕಿಸಿಕೊಂಡು ಅಣ್ಣಿಗೇರಿಗೆ ಒಯ್ದರಂತೂ ನನ್ನನ್ನು ಕೇಳಬೇಡಿ ಎಂದು ಹೇಳಿಹೋದಳು. ಇಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗೊಂದಲ. ಅಪ್ಪನಿಗೆ ಶಾಂತಕ್ಕನೆಂದರೆ ಜೀವ. ದಿನಾ ಸಂಜೆ ಎಲೆಯಲ್ಲಿ ಸುತ್ತಿದ ಜಿಲೇಬಿ ತರುತ್ತಿದ್ದ. ಅವಳ ಪಾದಕ್ಕೆ ತಾನೇ ಎಣ್ಣೆ ತಿಕ್ಕುತ್ತಿದ್ದ. ಅವಳು ಕೆಮ್ಮಿದರೆ ಇವನ ಮುಖ ಬೆಳ್ಳಗಾಗುತ್ತಿತ್ತು. ಎದ್ದು ನಡುಕೋಣೆಗೆ ಹೋಗಿ ಚೀಲಗಳನ್ನು ನೋಡುತ್ತ ನಿಲ್ಲುತ್ತಿದ್ದ. ಒಂದನ್ನು ಇಲ್ಲಿಂದ ಎತ್ತಿ ಅಲ್ಲಿ ಇಡುತ್ತಿದ್ದ, ಮತ್ತೆ ಅಲ್ಲಿಂದ ಇಲ್ಲಿಗೆ. ಮೂಲೆಯಲ್ಲಿ ಅಕ್ಕ ಮಲಗುವ ಹೊರಸು ಹಿಡಿಯುವಷ್ಟು ಜಾಗ ಮಾಡಿ, "ಇಲ್ಲಿ ಆಗೂದಿಲ್ಲೇನು?" ಎಂದು ಅವ್ವನನ್ನು ಕೇಳಿದ. ಮಾರುತ್ತೇನೆ ಎಂಬ ಒಂದು ಮಾತು ಮಾತ್ರ ಅವನ ಬಾಯಿಂದ ಹೊರಡಲಿಲ್ಲ. ಅದೇ ಬಾಯಿ ಹಗಲೆಲ್ಲ ಅಂಗಡಿಯಲ್ಲಿ ಊರ ಜನಕ್ಕೆ ಮಾರಿ ಮಾರಿ ಅನ್ನುತ್ತಿತ್ತು.

ಮರುದಿನ ಅವ್ವ ಹಾಲಿನ ಗಡಿಗೆಯ ಮುಚ್ಚಳ ತೆಗೆದಳು. ನಾನು ಕಣ್ಣು ಬಿಟ್ಟು ನೋಡಿದೆ.

"ಏನ ನೋಡತಿ? ಎಮ್ಮಿ ಹತ್ರ ಕಡಾ ತಗೊಂಡೇನಿ. ತಿರುಗಿ ಕೊಡತೇನಿ." ಹಿತ್ತಲಿಗೆ ಹೋಗಿ ಎಮ್ಮೆಯ ಹಣೆ ಮುಟ್ಟಿ ಬಂದಳು. ತಮಾಷೆಯಲ್ಲ. ಆಮೇಲೆ ನಿಜವಾಗಿಯೂ ತಿರುಗಿ ಕೊಟ್ಟಳು, ಮೇಲೆ ಒಂದಿಷ್ಟು ಹತ್ತಿಕಾಳು ಬಡ್ಡಿ. ಬರುವ ಕೂಸಿಗೆ ಗರಗದಿಂದ ಕೈನೂಲಿನ ಮೆತ್ತನೆಯ ಬಟ್ಟೆ ತರುತ್ತೇನೆಂದು ಅಪ್ಪನಿಗೆ ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ಧಾರವಾಡದ ತನಕ ರೈಲು, ಅಲ್ಲಿಂದ ಯಾರದೋ ಚಕ್ಕಡಿ. ಅವ್ವ ಹೋದದ್ದು ತಮ್ಮನಿಗೆ ಕೈಮುಗಿದು, ಮೊದಲು ನೀನು ಮಾರು, ಆಮೇಲೆ ಇವರೂ ಮಾರುತ್ತಾರೆ ಎಂದು ಕೇಳಿಕೊಳ್ಳುವುದಕ್ಕೆ. ಮಾವನ ಮನೆಯ ಅಂಗಳದಲ್ಲಿ ಒಂದು ಹೊಸ ಬಿಳಿ ಎತ್ತು ಕಟ್ಟಿತ್ತು. ಒಳಗೆ ಹೋದರೆ ಒಂದು ಚೀಲವೂ ಇಲ್ಲ. ಅವ್ವ ಅಟ್ಟ ನೋಡಿದಳು, ಎತ್ತು ನೋಡಿದಳು, ತಮ್ಮನನ್ನು ನೋಡಿದಳು.

"ಯಾವಾಗ ಮಾರಿದಿ?"

ಮಾವ ತಲೆ ಕೆರೆದುಕೊಂಡ. "ಇಳ್ಯಾಕ ಹತ್ತಿದ ಕೂಡಲೇ ಅಕ್ಕಾ. ಬೆಳಗಾವಿ ಕಡೆ ಸಾವಕಾರ ಒಬ್ಬಾಂವ ಬಂದಿದ್ದ. ಐದಕ್ಕ ಕೊಟ್ಟೆ. ಭಾವಾರಿಗೆ ಹೇಳಾಕ ಅಂಜಿಕಿ ಆತು. ಹಿಡಕೊಂಡ ಕುಂದರು ಅಂತ ನನಗ ಆಣಿ ಹಾಕಿದ್ರಲ್ಲ."

ಅವ್ವ ಬೈಯುತ್ತಾಳೆ ಅಂದುಕೊಂಡೆ. ಅವಳು ಕಟ್ಟೆಯ ಮೇಲೆ ಕೂತು, ತಂಬಿಗೆ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು.

"ತಮ್ಮಾ, ನಾಳೆ ಹುಬ್ಬಳ್ಳಿಗೆ ಬಾ. ಬಂದು, ಮೊನ್ನೆ ಮಾರಿದೆ ಅನ್ನು. ಎರಡಕ್ಕ ಮಾರಿದೆ ಅನ್ನು."

"ಎರಡಕ್ಕ? ನನಗೇನು ಹುಚ್ಚು ಹಿಡದೈತೇನು? ಐದಕ್ಕ ಮಾರಿದ ಶಾಣ್ಯಾ ಅಂತ ಊರಾಗ ನನ್ನ ಹೆಸರೈತಿ!"

"ಆ ಹೆಸರು ಗರಗದಾಗ ಇಟಗೋ. ಹುಬ್ಬಳ್ಳ್ಯಾಗ ಹುಚ್ಚ ಆಗು. ನೀ ಐದಕ್ಕ ಮಾರೀದಿ ಅಂತ ಗೊತ್ತಾದ್ರ ಅವರು ಸಾಯೂತನಕಾ ಮಾರೂದಿಲ್ಲ."

"ಅವರ ರೊಕ್ಕ ಹೋದ್ರ ಸಂಕಟ ಆಗೂದು ಬರೋಬರಿ. ನಂದೂ ಹೋತು ಅಂದ್ರ ಅವರಿಗೇನು ಬಂತು?"

"ಏನು ಬರತೈತಿ ಅಂತ ನನಗೂ ಗೊತ್ತಿಲ್ಲೋ," ಅಂದಳು ಅವ್ವ. "ಆದ್ರ ಬರತೈತಿ. ಅವರಿಗೆ ರೊಕ್ಕ ಹೋದದ್ದು ಸಂಕಟ ಅಲ್ಲ, ಒಬ್ಬರs ಕಳಕೊಂಡೆ ಅನ್ನೂದು ಸಂಕಟ. ಶಾಂತೀನ್ನ ಹೆಗಲ ಮ್ಯಾಲ ಹೊತಗೊಂಡು ಜಾತ್ರಿ ತೋರಿಸಿದಾಂವ ನೀ. ಅಕಿ ಕೆಮ್ಮು ಕೇಳಿದ್ರ ನಿನಗs ತಿಳೀತೈತಿ. ನಿನ್ನ ಶಾಣ್ಯಾತನಾ ಅಕಿ ಹೆರಿಗಿಗೆ ಕೊಡು."

ಮಾವ ಎತ್ತಿನ ಬೆನ್ನು ಸವರಿ, ಆಗಲಿ ಎಂದು ತಲೆಯಾಡಿಸಿದ. ನನಗೋ ದಿಕ್ಕು ತಪ್ಪಿದ ಹಾಗೆ. ಸ್ವಲ್ಪದರಲ್ಲಿ ಪಾರಾದವನಿಗೆ ಬಹಳ ನಷ್ಟವಾಯಿತೆಂದು ಹೇಳು ಅಂತಾರೆ, ಸುಳ್ಳು ಹೇಳಿದರೆ ನನಗೆ ಬಾರಕೋಲಿನಿಂದ ಹೊಡೆಯುವ ಅವ್ವನೇ ಅಂತಾಳೆ.

ಮರುದಿನ ಸಂಜೆ ಮಾವ ಬಂದ. ಪಡಸಾಲೆಯಲ್ಲಿ ಅಪ್ಪನ ಎದುರು ಕೂತ. ಅಕ್ಕ ಒಮ್ಮೆ ಕೆಮ್ಮಿದಳು. ಮಾವ ಅವಳ ಕಡೆ ನೋಡಿ, ತಲೆ ತಗ್ಗಿಸಿದ. ಆ ತಗ್ಗಿಸಿದ್ದು ಮಾತ್ರ ಸುಳ್ಳಾಗಿರಲಿಲ್ಲ.

"ಭಾವಾ, ನಿಮಗ ಹ್ಯಾಂಗ ಹೇಳಲಿ. ತಡೀಲಾರದ ಮಾರಿಬಿಟ್ಟೆ."

"ಮಾರಿದಿ? ಎಷ್ಟಕ್ಕ?"

"ಎರಡಕ್ಕ."

ಅಪ್ಪನ ಹೊಟ್ಟೆ ಅಲುಗಲು ಶುರುವಾಯಿತು. ನಗು ಹೊರಗೆ ಬಂದಮೇಲೆ ನಿಲ್ಲಲೇ ಇಲ್ಲ. ಒಂದೂವರೆ ವರ್ಷ ಆ ಮನೆಯಲ್ಲಿ ಘಾಟಿಗೆ ಬಂದ ಕಣ್ಣೀರು ನೋಡಿದ್ದೆ, ನಗುವಿಗೆ ಬಂದದ್ದು ಅವತ್ತೇ.

"ಹಳ್ಯಾಗ ಕುಂತು ಮಾರಿದ್ರ ಹಿಂಗs ಆಗೂದು! ನನ್ನ ಹತ್ರ ಬರಾಕ ಏನಾಗಿತ್ತೋ? ಎರಡಕ್ಕ! ಏ ಇವಳ, ಕೇಳಿದೇನು? ನಿನ್ನ ತಮ್ಮ ಎರಡಕ್ಕ ಕೊಟ್ಟನಂತ!" ಆಮೇಲೆ ಒಮ್ಮೆಲೇ ನನ್ನ ಕಡೆ ತಿರುಗಿದ. ಪೇಟೆಯ ಮನುಷ್ಯ, ಸಂಶಯ ಬಿಡುತ್ತಾನೆಯೇ. "ನೀಲೂ, ನಿನ್ನೆ ಹೋಗಿದ್ಯಲ್ಲ, ಮಾವನ ಮನ್ಯಾಗ ಚೀಲಾ ಇದ್ವೇನು?"

"ಇರಲಿಲ್ಲ ಅಪ್ಪಾ. ಒಂದೂ ಇರಲಿಲ್ಲ. ಅಂಗಳದಾಗ ಒಂದು ಬಿಳೀ—"

"ನೀಲೂ, ಎಮ್ಮಿ ಒದರಾಕತ್ತೈತಿ, ನೀರ ಕುಡಿಸಿ ಬಾ," ಅಂದಳು ಅವ್ವ ಅಡಿಗೆಮನೆಯಿಂದ.

ಎಮ್ಮೆ ಒದರಿರಲಿಲ್ಲ. ಹೋಗಿ ನೋಡಿದರೆ ಕಣ್ಣು ಮುಚ್ಚಿ ಮಲಗಿತ್ತು. ನಾನು ಅದರ ಪಕ್ಕ ಕೂತು, ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಯೋಚಿಸಿದೆ. ಚೀಲ ಇರಲಿಲ್ಲ ಅಂದದ್ದು ನಿಜ. ಆ ನಿಜದಿಂದ ಅಪ್ಪ ನಂಬಿದ್ದು ಸುಳ್ಳು.

ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದವನು ಒಬ್ಬ ವ್ಯಾಪಾರಿಯನ್ನೂ ಎರಡು ಚಕ್ಕಡಿಯನ್ನೂ ಕರೆದುಕೊಂಡೇ ಬಂದ. ಪಡಸಾಲೆಯಲ್ಲಿ ಇಬ್ಬರೂ ಕೈ ಹಿಡಿದು ಮೇಲೆ ವಲ್ಲಿ ಹಾಕಿಕೊಂಡರು. ವಲ್ಲಿಯೊಳಗೇ ಬೆರಳು ಕುಣಿದವು. ಅಪ್ಪ ಒಮ್ಮೆ ಕೈ ಕಿತ್ತುಕೊಂಡ, ಮತ್ತೆ ಕೊಟ್ಟ. ಆಯಿತು. ಚೀಲಗಳು ಹೊರಬೀಳತೊಡಗಿದವು. ಕಡೆಯ ಒಂದು ಚೀಲವನ್ನು ಹಮಾಲ ಎತ್ತುವ ಹೊತ್ತಿಗೆ ಅಪ್ಪ ಅವನ ಕೈ ಹಿಡಿದ.

"ಅದು ಇರಲಿ. ಅಟ್ಟದ ಮ್ಯಾಲ ಹಾಕು."

"ಅದ್ಯಾಕ್ರಿ?" ಅಂದಳು ಅವ್ವ.

"ಇರಲಿ. ರೇಟು ಬಂದs ಬರತೈತಿ."

ಸಂಜೆ ಅಪ್ಪ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಮೆಣಸಿನಕಾಯಿಯಿಂದ ಪಾರಾದ ಮನೆಯಲ್ಲಿ ಎಲ್ಲರೂ ಮೆಣಸಿನಕಾಯಿ ತಿಂದೆವು. ಮೂರೂವರೆಗೆ ಕೊಟ್ಟೆ ಎಂದು ಹೇಳಿದ. ಆರಕ್ಕೆ ಕೊಂಡು ಮೂರೂವರೆಗೆ ಕೊಟ್ಟವನು ಕುದುರೆ ಏರಿ ಬಂದವನ ಹಾಗೆ ಕೂತಿದ್ದ. ಬೆಲೆ ನಾಲ್ಕು ಇದ್ದಾಗ ಅಳುಮುಖ, ಈಗ ಮೀಸೆಯಲ್ಲಿ ನಗು. ಕಡಿಮೆ ಬಂದಾಗ ಮನುಷ್ಯ ಹೆಚ್ಚು ಖುಷಿಯಾಗಿ ಇರುವುದು ಹೇಗೆ ಎಂದು ನಾನು ಭಜಿ ಕಡಿಯುತ್ತ ಅವನ ಮುಖವನ್ನೇ ನೋಡಿದೆ.

ಕೋಣೆಗೆ ಸೆಗಣಿ ಬಳಿದು, ಬೇವಿನ ಹೊಗೆ ಹಾಕಿ, ಹೊರಸು ತಂದಿಟ್ಟೆವು. ಅಮಾವಾಸ್ಯೆಗೆ ಬಂದ ಬಸಲಿಂಗವ್ವ ನಾಯಿ ಮೂಸುವ ಹಾಗೆ ಮೂಲೆ ಮೂಲೆ ಮೂಸಿ, "ಹೂಂ, ಮನಿ ಆತು" ಎಂದು ಒಬ್ಬಳೇ ತಿರುಗಿ ಹೋದಳು. ಅಕ್ಕ ಅಲ್ಲೇ ಹೆತ್ತಳು. ಗಂಡು. ಅಗ್ಗಿಷ್ಟಿಕೆಯ ಬಿಸಿಗೆ ನೆಲದ ಬಿರುಕಿನೊಳಗಿದ್ದ ಖಾರವೆಲ್ಲ ಮೇಲೆದ್ದು, ಕೂಸು ಅಳುವ ಮೊದಲು ಸೀನಿತು. ಸೂಲಗಿತ್ತಿ ಹೇಳಿದ ಮಾತು, ನಾನು ನೋಡಿದ್ದಲ್ಲ.

ಆಮೇಲೆ ಪ್ರತಿ ಹಬ್ಬಕ್ಕೂ ಮಾವ ಬಂದಾಗ ಅಪ್ಪ ಬಂದವರ ಮುಂದೆಲ್ಲ ಶುರುಮಾಡುತ್ತಿದ್ದ: "ಕೇಳ್ರಿಲ್ಲೆ, ಇಬ್ಬರದೂ ಒಂದs ಮಾಲು. ಇಂವ ಎರಡಕ್ಕ ಕೊಟ್ಟ, ನಾ ಮೂರೂವರಿಗೆ ಕೊಟ್ಟೆ!" ಮಾವನ ಕಿವಿ ಕೆಂಪಗಾಗುತ್ತಿತ್ತು. ಒಂದು ಉಗಾದಿಗೆ ತಡೆಯಲಾರದೆ, "ಭಾವಾ, ಖರೇ ಹೇಳಬೇಕಂದ್ರ..." ಎಂದು ಬಾಯಿ ತೆರೆದ. ಅವ್ವ ಆ ಬಾಯಿಗೇ ಹೋಳಿಗೆ ಇಟ್ಟಳು. "ಇನ್ನೊಂದು ತಿನ್ನೋ ತಮ್ಮಾ. ತುಪ್ಪ ಹಾಕಲೇನು?" ಮಾವ ನುಂಗಿದ. ವರ್ಷಕ್ಕೊಮ್ಮೆ ನುಂಗುತ್ತಲೇ ಇದ್ದ.

ದೊಡ್ಡವಳಾದ ಮೇಲೆ ನಾನು ಅವ್ವನನ್ನು ಕೇಳಿದೆ, ಎರಡು ಮಳೆಗಾಲ ಕಂಡು ಬಣ್ಣ ಹೋದ ಕಾಯಿಗೆ, ಹೊಸ ಕಾಯಿಯೇ ಮೂರಕ್ಕೆ ಹೋಗುವಾಗ, ಮೂರೂವರೆ ಕೊಟ್ಟ ಪುಣ್ಯಾತ್ಮ ಯಾರು?

"ವಲ್ಲಿ ಒಳಗ ಏನಾತೋ ಶಿವಗ ಗೊತ್ತು," ಅಂದಳು. "ನಾವೊಂದು ಸುಳ್ಳು ಹೇಳಿದ್ವಿ, ಅವರೊಂದು ಹೇಳಿರಬೇಕು. ಖೋಲಿ ಖಾಲಿ ಆತಿಲ್ಲೋ?"

ಅಪ್ಪ ಎರಡನೆಯ ಮಹಾಯುದ್ಧದ ದಿನಗಳಲ್ಲಿ ತೀರಿಕೊಂಡ. ದಿವಸ ಮುಗಿದಮೇಲೆ ಮನೆ ಸ್ವಚ್ಛ ಮಾಡಲು ನಾನು ಅಟ್ಟ ಹತ್ತಿದೆ. ಆ ಚೀಲ ಅಲ್ಲೇ ಇತ್ತು. ಬಿಚ್ಚಿದರೆ ಕಾಯಿ ಹುಲ್ಲಿನ ಬಣ್ಣಕ್ಕೆ ಬಂದಿತ್ತು. ಮುಟ್ಟಿದರೆ ಪುಡಿ. ಮೂಗಿನ ಹತ್ತಿರ ಹಿಡಿದರೂ ಒಂದು ಸೀನು ಬರಲಿಲ್ಲ. ತಿಪ್ಪೆಗೆ ಹಾಕುತ್ತೇನೆಂದು ಕೆಳಗೆ ಎಳೆದು ತಂದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮಣಕ್ಕ ಆರು ರೂಪಾಯಿ ಕೊಟ್ಟ ಮಾಲದು. ತಿಪ್ಪಿಗೆ ಹಾಕತಿಯೇನು?"

"ಅವ್ವಾ, ಇದರಾಗ ಏನೈತಿ? ಬರೇ ಧೂಳ ಐತಿ."

"ಪ್ಯಾಟ್ಯಾಗ ಈಗ ರೇಟು ಎಷ್ಟೈತಿ ಕೇಳೀದೇನು?"

ಕೇಳಿದ್ದೆ. ಓಣಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಯುದ್ಧಕ್ಕೆ ಎಲ್ಲದರ ಬೆಲೆ ಏರಿತ್ತು. ಮೆಣಸಿನಕಾಯಿ ಅಪ್ಪ ಹೇಳಿದ್ದ ಹತ್ತನ್ನು ದಾಟಿ ಹೋಗಿತ್ತು.

"ಬರತೈತಿ ಅಂದಿದ್ರಿಲ್ಲೋ ಅವರು?" ಅಂದಳು ಅವ್ವ. ಅಪ್ಪನ ಮನಸ್ಸನ್ನು ಅಂಗೈ ಗೆರೆಯ ಹಾಗೆ ಓದಿದವಳು, ಅವನನ್ನು ಮಾರುವಂತೆ ಮಾಡಿದವಳು, ಇವಳೇ. ಚೀಲದ ಬಾಯನ್ನು ತಾನೇ ತಿರುಚಿ ಕಟ್ಟಿ ಬಿಗಿಮಾಡಿದಳು. "ಇನ್ನೊಂದೀಟು ಏರಲಿ. ಮ್ಯಾಲ ಇಡು."

ನಾನು ಆ ಧೂಳಿನ ಚೀಲವನ್ನು ತಿರುಗಿ ಅಟ್ಟಕ್ಕೆ ಹೊತ್ತು ಇಟ್ಟೆ. ಇಲಿ ಹತ್ತದಿರಲೆಂದು ಕೆಳಗೆ ಹಲಗೆಯನ್ನೂ ಹಾಕಿದೆ. ಯಾಕೆ ಹಾಕಿದೆ ಎಂದು ನನ್ನನ್ನು ಕೇಳಬೇಡಿ.